ದೋಣಿಯಲ್ಲಿ ಅವರನ್ನು ಕೂರಿಸಿದ್ದು

ನಮ್ಮ ಮನೆಯವರು ನಾಟಕಕ್ಕೆಂದು ಬಣ್ಣದಲ್ಲಿ ಬರೆದ ಪರದೆಗಳು ಒಟ್ಟು ಏಳು: ಅರಮನೆ, ಬೀದಿ, ಕಾಡು, ಗುಡಿ, ಬಡವರ ಮನೆ, ಸಾಹುಕಾರರ ಮನೆ, ಹೊಳೆ. ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕ ಆಡುವವರು ಬಂದು ಇವನ್ನು ಬಾಡಿಗೆಗೆ ಒಯ್ಯುತ್ತಾರೆ. ಆಟ ಮುಗಿದ ಮೇಲೆ ಬಿದಿರಿಗೆ ಸುತ್ತಿ, ಟೆಂಪೊದಲ್ಲಿ ಹಾಕಿ ವಾಪಸು ಕಳಿಸುತ್ತಾರೆ. ಇಂಥ ಪರದೆಗಳಿಗೆ ಈ ಕಡೆ ಸೀನ್ಸ್ ಎನ್ನುವುದರಿಂದ ರಾಣೆಬೆನ್ನೂರಿನಲ್ಲಿ ನಮಗೆ ಸೀನ್ಸಿನವರು ಎಂದೇ ಹೆಸರು. ಮನೆಯವರು ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ. ಈಗ ಸೀನ್ಸಿನವರು ಎಂದರೆ ನಾನು, ಈ ಏಳು ಪರದೆ, ಮತ್ತು ಫೋನಿನಲ್ಲಿ "ಅವ್ವಾರ, ಪರದೆ ಖಾಲಿ ಅದಾವೇನ್ರಿ?" ಎಂದು ಕೇಳುವ ಹಳ್ಳಿಯವರು, ಅಷ್ಟೇ.

ಆರು ಪರದೆಗಳದ್ದು ಏನೂ ತಕರಾರಿಲ್ಲ. ತಕರಾರೆಲ್ಲ ಹೊಳೆಯದ್ದು. ಅದು ರಾತ್ರಿಯ ಹೊಳೆ. ಮೇಲೆ ಎಡಕ್ಕೆ, ಮೋಡದೊಳಗೆ ಅರ್ಧ ಸಿಕ್ಕಿಕೊಂಡ ಚಂದ್ರ. ಕೆಳಗೆ ಉದ್ದಕ್ಕೂ ಕಪ್ಪು ನೀಲಿ ನೀರು, ಅದರ ಮೇಲೆ ತುಂಡು ತುಂಡಾಗಿ ಬಿದ್ದ ಬೆಳಕು. ಆಚೆ ದಂಡೆ ಇದೆಯೋ ಇಲ್ಲವೋ ಎನ್ನುವ ಹಾಗೆ ಒಂದು ಮಸುಕು ಗೆರೆ. ಈಚೆ ಬಲಗಡೆಗೆ, ಗೂಟಕ್ಕೆ ಕಟ್ಟಿದ ಖಾಲಿ ದೋಣಿ. ಇಷ್ಟೇ. ಚುಕ್ಕಿ ಇಲ್ಲ, ಗುಡಿಸಲಿಲ್ಲ, ದೀಪವಿಲ್ಲ, ನರಪಿಳ್ಳೆ ಇಲ್ಲ. ನನಗಂತೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಗಂಡ ಪಕ್ಕದಲ್ಲೇ ಕೂತು ಸೊರ್ ಸೊರ್ ಎಂದು ಚಹಾ ಕುಡಿಯುತ್ತಿರುವಾಗಲೂ ಆ ಪರದೆಯ ಕಡೆ ನೋಡಿದರೆ ಈ ಲೋಕದಲ್ಲಿ ನಾನೊಬ್ಬಳೇ ಉಳಿದಿದ್ದೇನೆ ಅನಿಸಿಬಿಡುತ್ತಿತ್ತು. ಬಟ್ಟೆಯ ಮೇಲಿನ ನೀಲಿ ಬಣ್ಣ ಒಬ್ಬ ಹೆಂಗಸನ್ನು ಹೀಗೆ ಮಾಡಬಹುದೇ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ಅದನ್ನು ಬರೆದದ್ದು ಬೀಜದ ಗೋದಾಮಿನಲ್ಲಿ. ನಮ್ಮೂರಿನಲ್ಲಿ ಬೀಜದ ವ್ಯಾಪಾರ ಜೋರು. ಹಿಂಗಾರು ಬಿತ್ತನೆ ಮುಗಿದ ಮೇಲೆ ಗೋದಾಮುಗಳು ಕೆಲವು ತಿಂಗಳು ಖಾಲಿ ಬೀಳುತ್ತವೆ. ಪರಿಚಯದ ಸಾಹುಕಾರರೊಬ್ಬರು ಆಗ ನಮಗೆ ಬೀಗದ ಕೈ ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ. ಬಟ್ಟೆಯನ್ನು ನೆಲಕ್ಕೆ ಹಾಸಿ, ಉದ್ದ ಕೋಲಿಗೆ ಬ್ರಷ್ ಕಟ್ಟಿಕೊಂಡು, ಬರಿಗಾಲಲ್ಲಿ ಅದರ ಮೇಲೆಯೇ ನಡೆಯುತ್ತ ಅವರು ಬರೆಯುತ್ತಿದ್ದರು. ದೂರದಿಂದ ನೋಡಿದರೆ ಅಂಗಳ ಗುಡಿಸುತ್ತಿದ್ದಾರೆ ಅನ್ನಬೇಕು. ಬಣ್ಣ ಕಲಸುವುದು ನನ್ನ ಕೆಲಸ.

ಬರೆಯುವ ಮೊದಲು ನನ್ನನ್ನು ಮೇಡ್ಲೇರಿಗೆ ಕರೆದೊಯ್ದಿದ್ದರು, ತುಂಗಭದ್ರೆಯನ್ನು ನೋಡಲು. ಲಗ್ನವಾಗಿ ಎಷ್ಟೋ ವರ್ಷದ ಮೇಲೆ ಹೊರಗೆ ಕರೆದೊಯ್ಯುತ್ತಿದ್ದಾರಲ್ಲ ಎಂದು ನಾನು ಹೊಸ ಸೀರೆ ಉಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟೆ. ಆ ಮಹಾರಾಯರು ಹೊತ್ತು ಮುಳುಗುವವರೆಗೆ ದಂಡೆಯ ಮೇಲೆ ಕೂತು ಒಂದು ಮಾತಾಡಲಿಲ್ಲ. ಆಮೇಲೆ, "ನೋಡಿದ್ಯಾ, ಮೊದಲ ದಂಡಿ ಕಪ್ಪಾತು. ನೀರು ಇನ್ನೂ ಬೆಳ್ಳಗ ಐತಿ. ನೀರು ಕಡೀಕ ಕಪ್ಪಾಗತೈತಿ" ಎಂದರು.

"ಇದನ್ನ ಹೇಳಾಕ ಇಷ್ಟು ದೂರ ಕರಕೊಂಡ ಬಂದ್ರೇನು?" ಎಂದೆ.

"ಹೂಂ" ಎಂದರು. ಬುತ್ತಿ ಮಾತ್ರ ಚೊಕ್ಕಟವಾಗಿ ಮುಗಿಸಿದರು.

ದೋಣಿಯ ಸಲುವಾಗಿ ನಮಗೆ ಜಗಳವೇ ಆಯಿತು. ಪರದೆ ಇನ್ನೇನು ಮುಗಿಯುವುದರಲ್ಲಿತ್ತು. "ರೀ, ಆ ದೋಣ್ಯಾಗ ಒಬ್ಬನ್ನರ ಕುಂದರಸ್ರಿ. ಹಿಂಗ ನೋಡಾಕ ಆಗವಲ್ದು" ಎಂದೆ.

"ಪರದ್ಯಾಗ ಮನಷ್ಯಾರು ಇರಬಾರದು" ಎಂದರು.

"ಯಾಕ? ಯಾರು ಮಾಡಿದ ಕಾಯ್ದೆ ಇದು?"

"ಅದ್ರ ಮುಂದ ಪಾರ್ಟ್ ಮಾಡಾಕ ಜೀವಂತ ಮನಷ್ಯಾ ಬಂದು ನಿಂದರತಾನ. ಹಿಂದ ನಾ ಒಬ್ಬನ್ನ ಬರದಿಟ್ರ, ಮುಂದ ನಿಂತಾಂವ ಒಬ್ಬನ ಹೆಂಗ ಆದಾನು?"

"ಹಂಗಾರ ಆಚೀ ದಂಡಿಗೆ ಒಂದು ದೀಪಾನರ ಹಚ್ರಿ."

"ದೀಪ ಇದ್ರ ಮನಿ ಇದ್ದಂಗ. ಮನಿ ಇದ್ರ ಮಂದಿ ಇದ್ದಂಗ."

"ಚುಕ್ಕಿ?"

"ಚುಕ್ಕಿ ಬರದ್ರ ಲಗ್ನದ ಮಂಟಪ ಆಗತೈತಿ. ಬಾಯಿ ಮುಚ್ಚಿ ನೀಲಿ ಕಲಸ."

ಬಾಯಿ ಮುಚ್ಚಲಿಲ್ಲ, ನೀಲಿ ಮಾತ್ರ ಕಲಸಿದೆ. ಎರಡು ದಿನ ಸಾರಿಗೆ ಉಪ್ಪು ಹಾಕದೆ ಸೇಡು ತೀರಿಸಿಕೊಂಡೆ. ಆ ಮನುಷ್ಯ ಸೊಲ್ಲೆತ್ತದೆ ಉಂಡೆದ್ದರು.

ಆದರೆ ಆ ಪರದೆಗೆ ಬಂದ ಹೆಸರು ಉಳಿದ ಆರಕ್ಕೂ ಬರಲಿಲ್ಲ. ಹೆಸರು ತಂದವಳು ಹಾವೇರಿಯ ಒಬ್ಬ ಕಲಾವಿದೆ. ಹಳ್ಳಿ ನಾಟಕಗಳಲ್ಲಿ ಗಂಡಸರ ಪಾತ್ರಗಳನ್ನು ಊರವರೇ ಮಾಡುತ್ತಾರೆ. ಹೆಣ್ಣಿನ ಪಾತ್ರಕ್ಕೆ ಇಂಥವರನ್ನು ಕರೆಸುತ್ತಾರೆ. ಗಂಡ ಮನೆಯಿಂದ ಹೊರಹಾಕಿದ ಹೆಣ್ಣು ರಾತ್ರಿ ಹೊಳೆಯ ದಂಡೆಗೆ ಬರುವ ದೃಶ್ಯ ಹೆಚ್ಚುಕಡಿಮೆ ಎಲ್ಲ ನಾಟಕದಲ್ಲೂ ಇರುತ್ತದೆ. ಅದಕ್ಕೆ ಅವಳೇ ಬೇಕು, ನಮ್ಮ ಹೊಳೆ ಪರದೆಯೇ ಬೇಕು. ಅವಳು ಬಂದವಳೇ ಮಾತಾಡುತ್ತಿರಲಿಲ್ಲ. ಮಂದಿಗೆ ಬೆನ್ನು ಮಾಡಿ, ಆ ನೀರನ್ನು ನೋಡುತ್ತ ನಿಲ್ಲುತ್ತಿದ್ದಳು. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರೂ ಆಗ ಬಾರಿಸುವುದನ್ನು ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ತಿರುಗಿದರೆ ಅವಳ ಕೆನ್ನೆ ಆಗಲೇ ತೊಯ್ದಿರುತ್ತಿತ್ತು. ಮುಂದೆ ಕೂತ ಹೆಂಗಸರು ಬಾಯಿಗೆ ಸೆರಗು ಹಚ್ಚುತ್ತಿದ್ದರು. ನಮ್ಮ ಮನೆಯವರು ಆ ಹೊತ್ತಿನಲ್ಲಿ ರಂಗದ ಪಕ್ಕ ಹಗ್ಗ ಹಿಡಿದು ನಿಂತು, ಪರದೆಯನ್ನಲ್ಲ, ಮಂದಿಯನ್ನು ನೋಡುತ್ತಿದ್ದರು.

ಅವರು ಹೋದ ಮೇಲೆ ಬ್ಯಾಡಗಿಯಿಂದ ಅಣ್ಣ ಬಂದ. ಬ್ಯಾಡಗಿ ನನ್ನ ತವರು. ಇಲಿ ಕಡಿಯಬಾರದು ಎಂದು ಅವನ ಮನೆಯಿಂದಲೇ ಮೆಣಸಿನಕಾಯಿ ತೊಟ್ಟು ತಂದು ಪರದೆಗಳ ಸುರುಳಿಯಲ್ಲಿ ಹಾಕಿಡುತ್ತೇನೆ. ಅರಮನೆ ಪರದೆ ಬಿಚ್ಚಿದ ಕೂಡಲೇ ಆ ಘಾಟಿಗೆ ರಾಜ, ಮಂತ್ರಿ ಎಲ್ಲ ಒಂದು ಸುತ್ತು ಸೀನಿಯೇ ಆಟ ಶುರು ಮಾಡುವುದು. "ಆ ಹರಕ ಅರಿವಿ ಕಟಗೊಂಡು ಒಬ್ಬಾಕೀನ ಏನ್ ಮಾಡ್ತಿ? ನಡಿ ಮನಿಗೆ" ಎಂದ ಅಣ್ಣ. ಹರಕ ಅರಿವೆ ಎಂದದ್ದಕ್ಕೆ ನನಗೆ ಎಲ್ಲಿತ್ತೋ ಸಿಟ್ಟು ಬಂತು. ಚಹಾ ಕೂಡ ಕೊಡದೆ ಕಳಿಸಿದೆ. ಆಮೇಲೆ ಬಾಗಿಲು ಹಾಕಿಕೊಂಡು ಕೂತರೆ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಏನೂ ಇಲ್ಲ.

ನನ್ನ ಬಾಯಿ ಜೋರು, ಓಣಿಗೆಲ್ಲ ಗೊತ್ತು. ಆ ಬಾಯಿಗೆ ಎದುರಾಡುವ ಒಂದೇ ಒಂದು ಬಾಯಿ ಹೋಗಿಬಿಟ್ಟಿತ್ತು. ತರಕಾರಿಯವನ ಮೇಲೆ ಹರಿಹಾಯ್ದೆ, ನಲ್ಲಿ ನೀರು ಬಿಡುವವನ ಮೇಲೆ ಹರಿಹಾಯ್ದೆ. ಅವರು ಪಾಪ, ಗಂಡ ಸತ್ತವಳು ಎಂದು ತಲೆ ತಗ್ಗಿಸಿ ಕೇಳಿಸಿಕೊಂಡರು. ತಲೆ ತಗ್ಗಿಸಿ ಕೇಳಿಸಿಕೊಳ್ಳುವವರ ಸಂಗಡ ಎಷ್ಟು ಹೊತ್ತು ಜಗಳ ಮಾಡುವುದು? ಮಂದಿ ನನ್ನನ್ನು ಕಂಡರೆ ದನಿ ಸಣ್ಣ ಮಾಡುತ್ತಿದ್ದರು. ಅದು ನನಗೆ ಸಾವಿಗಿಂತ ಬೇಸರ ತಂದಿತು.

ಹೀಗಿರುವಾಗ, ಈ ವರ್ಷ ಒಂದು ಆಟ ಮುಗಿಸಿ ಬರುವಾಗ, ಟೆಂಪೊದ ಕಬ್ಬಿಣಕ್ಕೆ ಸಿಕ್ಕಿ ಹೊಳೆ ಪರದೆ ಹರಿಯಿತು. ಸರಿಯಾಗಿ ದೋಣಿಯ ಹತ್ತಿರ, ಮೊಳದುದ್ದ. ಟೆಂಪೊದವನಿಗೆ ಏಳು ಜನ್ಮಕ್ಕಾಗುವಷ್ಟು ಬೈದು, ಗೋದಾಮಿನ ಬೀಗದ ಕೈ ಇಸಿದುಕೊಂಡು ಬಂದೆ. ಹಿಂದಿನಿಂದ ಬಟ್ಟೆ ಅಂಟಿಸಿ ತೇಪೆ ಹಾಕಿದೆ. ಮುಂದೆ ಬಣ್ಣ ತುಂಬಬೇಕಿತ್ತು. ಪುಡಿ ಬಣ್ಣ, ಬಿಳಿ ಪುಡಿ, ಕುದಿಸಿದ ಅಂಟು ಸೇರಿಸಿ ಕಲಸುವ ಈ ಬಣ್ಣ ಹಸಿ ಇದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು. ಹಸಿಯಲ್ಲಿ ನಡುರಾತ್ರಿ ಕಂಡದ್ದು ಒಣಗಿದರೆ ನಸುಕಾಗಿಬಿಡುತ್ತದೆ. ಕಣ್ಣಿಗೆ ಕಂಡದ್ದನ್ನು ನಂಬದೆ ಕಲಸಬೇಕು. ಕಲಸಿದೆ. ತೇಪೆಯ ಮೇಲೆ ನೀರು ತುಂಬಿದೆ, ದೋಣಿಯ ಅಂಚು ತಿದ್ದಿದೆ. ಕೆಲಸ ಅಲ್ಲಿಗೆ ಮುಗಿದಿತ್ತು. ಬ್ರಷ್ ತೊಳೆದಿಟ್ಟು ಮನೆಗೆ ಹೋಗಬೇಕಿತ್ತು.

ಹೋಗಲಿಲ್ಲ. ಬಟ್ಟಲಿನಲ್ಲಿ ಬಿಳಿ ಉಳಿದಿತ್ತು. ಸಣ್ಣ ಬ್ರಷ್ ತೆಗೆದುಕೊಂಡು ದೋಣಿಯಲ್ಲಿ ಒಂದು ಬಿಳಿ ಅಂಗಿ ಬರೆದೆ. ಆಕಡೆ ಮುಖ, ನಮ್ಮ ಕಡೆ ಬೆನ್ನು. ಮುಖ ಬರೆಯಲು ನನಗೆ ಬರುವುದೂ ಇಲ್ಲ. ತಲೆಗೆ ಟವೆಲ್ ಸುತ್ತಿದೆ. ಜೀವಮಾನವಿಡೀ ಪರದೆಯ ಬಿದಿರು ಹೊತ್ತು ಹೊತ್ತು ಅವರ ಬಲ ಹೆಗಲು ಕೆಳಗಿಳಿದಿತ್ತು, ಅದನ್ನೂ ಇಳಿಸಿದೆ. ಇಳಿಸಿದ ಕೂಡಲೇ ಅದು ಅವರೇ ಆಗಿಬಿಟ್ಟಿತು. ತಪ್ಪು ಎಂದು ಗೊತ್ತಿತ್ತು, ಅವರ ಕಾಯ್ದೆ ಮರೆತಿರಲಿಲ್ಲ. ಗೊತ್ತಿದ್ದೇ ಮಾಡಿದೆ.

ಎಂಟು ದಿನ ಪರದೆಯನ್ನು ಗೋದಾಮಿನ ಗೋಡೆಗೆ ತೂಗಿಬಿಟ್ಟು, ಮಧ್ಯಾಹ್ನ ಡಬ್ಬಿ ಕಟ್ಟಿಕೊಂಡು ಹೋಗಿ ಅದರ ಎದುರು ಕೂತು ಉಂಡೆ. "ಇವತ್ತು ಪಲ್ಯಾಕ್ಕ ಖಾರ ಜಾಸ್ತಿ ಆಗೇತಿ, ಸುಮ್ನ ಉಣ್ರಿ" ಎಂದೆ. ಸಾಹುಕಾರರ ಮಗ ಸ್ಥಳ ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಿದ್ದನ್ನೂ ಹೇಳಿದೆ, ಅಣ್ಣನ ಮೇಲೆ ಚಾಡಿಯನ್ನೂ ಹೇಳಿದೆ. ವಿಚಿತ್ರವೆಂದರೆ, ಇಷ್ಟು ವರ್ಷ ನನ್ನನ್ನು ಹಿಂಡಿದ ಆ ಹೊಳೆ ಈಗ ಏನೂ ಮಾಡುತ್ತಿರಲಿಲ್ಲ. ಯಾರೋ ಸಂಜೆ ಮೀನು ಹಿಡಿಯಲು ಬಂದು ಕೂತ ಹಾಗೆ, ಇನ್ನೇನು ಎದ್ದು ಮನೆಗೆ ಬರುತ್ತಾರೆ ಅನ್ನುವ ಹಾಗೆ ಕಾಣುತ್ತಿತ್ತು. ನನಗೆ ಅದೇ ಬೇಕಿತ್ತು. ಪರದೆಗೆ ಏನು ಬೇಕು ಎಂದು ನಾನು ಕೇಳಲೇ ಇಲ್ಲ.

ಒಂಬತ್ತನೆಯ ದಿನ ಅದು ಮೇಡ್ಲೇರಿಗೆ ಹೋಗಬೇಕಿತ್ತು, ಹಾವೇರಿಯವಳದ್ದೇ ಪಾತ್ರ. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಟೆಂಪೊ ಹತ್ತಿದೆ. ಅವರು ನಿಲ್ಲುತ್ತಿದ್ದ ಜಾಗದಲ್ಲೇ, ರಂಗದ ಪಕ್ಕ ನಿಂತೆ. ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಹೊಳೆ ಪರದೆ ಇಳಿಯಿತು. ಅವಳು ಬಂದಳು, ಬೆನ್ನು ತಿರುಗಿಸಿ ನಿಂತಳು. ಯಾಕೋ ಬಹಳ ಹೊತ್ತು ನಿಂತಳು. ಆಮೇಲೆ ತಿರುಗಿ, "ಈ ಲೋಕದೊಳಗೆ ನನ್ನವರು ಎನ್ನುವವರು ಒಬ್ಬರೂ ಇಲ್ಲವೇ?" ಎಂದಳು. ಕೆನ್ನೆ ಒಣಗಿಯೇ ಇತ್ತು.

ಹಿಂದಿನಿಂದ ಒಬ್ಬ ಕೂಗಿದ: "ಯಾಕಿಲ್ಲಬೇ? ಅಲ್ಲಿ ದೋಣ್ಯಾಗ ಒಬ್ಬಾಂವ ಕುಂತಾನ ನೋಡ! ಕೂಗಿ ಕರಿ ಅವನ್ನ!"

ಮಂದಿ ಹೋ ಎಂದು ನಕ್ಕಿತು. ಇನ್ನೊಬ್ಬ, "ಏ, ಗದ್ಲ ಮಾಡಬ್ಯಾಡ್ರೋ, ಅಂವ ಮೀನ ಹಿಡಿಯಾಕತ್ತಾನ!" ಎಂದ. ಹೊಳೆ ದಂಡೆಯ ಊರು, ಅವರಿಗೆ ಹೇಳಿಕೊಡಬೇಕೇ? ಮುಂದೆ ಕೂತ ಹೆಂಗಸರು ಸಹ ಸೆರಗು ಬಾಯಿಗೆ ಹಚ್ಚಿದರು, ನಗು ತಡೆಯಲು. ಪೇಟಿ ಮಾಸ್ತರರು ಗಡಿಬಿಡಿಯಲ್ಲಿ ಹಾಡು ಎತ್ತಿಕೊಂಡರು. ಅವಳು ಹಾಡಿದಳು, ಹಾಡು ಯಾರಿಗೂ ಕೇಳಲಿಲ್ಲ. ನಾಲ್ಕಾರು ಮಂದಿ ಫೋನ್ ಎತ್ತಿ ಹಿಡಿದಿದ್ದರು. ಮರುದಿನ ಅದು ಎಲ್ಲರ ಸ್ಟೇಟಸ್ಸಿನಲ್ಲಿ ಓಡಾಡಿತು. ನಾನು ಹಗ್ಗ ಹಿಡಿದು ನಿಂತಿದ್ದೆ. ನಗುತ್ತಿದ್ದದ್ದು ನನ್ನ ಗಂಡನನ್ನು ನೋಡಿ. ಬಂದವರಿಗೆಲ್ಲ ಚಪ್ಪಲಿ ತೆಗೆದುಕೊಂಡು ಹೊಡೆಯಬೇಕು ಅನಿಸಿತು. ಅವಳು ಆಟ ಮುಗಿದ ಮೇಲೆ ನನ್ನನ್ನು ಮಾತಾಡಿಸದೆ ಹೋದಳು.

ನಾಲ್ಕು ದಿನ ಬಿಟ್ಟು ದೇವರಗುಡ್ಡದ ಕಡೆಯ ಹಳ್ಳಿಯೊಂದರಿಂದ ಫೋನ್ ಬಂತು. "ಅವ್ವಾರ, ಸಿಟ್ಟಾಗಬ್ಯಾಡ್ರಿ. ಹಾವೇರಿ ಅಕ್ಕಾರು ನಿಮ್ಮ ಹೊಳಿ ಪರದೆ ಇದ್ರ ಬರಂಗಿಲ್ಲ ಅಂದಾರ್ರಿ. ನಾವು ಎಲ್‌ಇಡಿ ಸ್ಕ್ರೀನ್ ತರಸಾಕತ್ತೇವಿ." ಸಿಟ್ಟಾಗಬೇಡಿ ಎಂದರೆ ಆಗದಿರುತ್ತೇನೆಯೇ? ಮರುದಿನವೇ ಹಾವೇರಿ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟುವುದರೊಳಗೆ ಅವಳಿಗೆ ಹೇಳಬೇಕಾದ್ದನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ.

ಅವಳ ಮನೆ ಎಂದರೆ ಎರಡು ಕೋಣೆ. ಒಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿ. ಬಾಗಿಲಲ್ಲೇ ಶುರು ಮಾಡಿದೆ: "ಏನವ್ವಾ, ಇಷ್ಟು ವರ್ಷ ಆ ಪರದೆ ಮುಂದ ನಿಂತು ಹೆಸರು ಮಾಡಿದಿ. ಈಗ ಬ್ಯಾಡಾತೇನು? ನಾಕ ಮಂದಿ ಹಲ್ಲ ಕಿಸದ್ರು ಅಂತ ಹಿಂಗ ಮಾಡೂದೇನು?"

"ಸಾವಕಾಶ ಅಕ್ಕಾರ, ನಮ್ಮವ್ವ ಮಲಗ್ಯಾಳ. ಒಳಗ ಬರ್ರಿ, ಕುಂದರ್ರಿ" ಎಂದಳು. ಚಹಾ ತಂದು ಕೈಗಿಟ್ಟಳು. ಬಣ್ಣ ಹಚ್ಚದ ಅವಳ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ದಣಿದ ಮುಖ.

"ಮಂದಿ ನಕ್ಕಿದ್ದಕ್ಕ ಅಲ್ರಿ" ಎಂದಳು. "ಮಂದಿ ನಗತಾರ, ಶಿಳ್ಳಿ ಹೊಡಿತಾರ, ಅದೆಲ್ಲ ರೂಢಿ ಆಗೇತಿ. ನಾ ತಿರುಗಿ ನೀರು ನೋಡತೇನಲ್ರಿ, ಆವಾಗ ನಾ ಪಾರ್ಟ್ ಮಾಡಂಗಿಲ್ರಿ. ಖರೇನ ಅಳತೇನಿ. ಮನ್ಯಾಗ ಅತ್ರ ನಮ್ಮವ್ವ ಗಾಬರಿ ಆಗತಾಳ. ಓಣ್ಯಾಗ ಅತ್ರ ಮಂದಿ ಯಾಕ ಅಂತ ಕೇಳತಾರ. ಅಳಾಕ ನನಗ ಅದೊಂದ ಜಾಗಾ ಇತ್ರಿ. ಮೊನ್ನೆ ತಿರುಗಿ ನೋಡಿದೆ, ಅಲ್ಲಿ ಯಾರೋ ಕುಂತಿದ್ರು. ಮಂದಿ ಮುಂದ ಹೆಂಗ ಅಳಲಿ, ನೀವ ಹೇಳ್ರಿ?"

ಅವಳ ಎದುರು ಸಾವಿರ ಮಂದಿ ಕೂತಿರುತ್ತಾರೆ. ಅವರು ಅವಳಿಗೆ ಮಂದಿಯೇ ಅಲ್ಲ, ದೋಣಿಯಲ್ಲಿ ಕೂತವರೊಬ್ಬರೇ ಮಂದಿ. ಬಸ್ಸಿನಲ್ಲಿ ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. "ಯಾರೋ ಅಲ್ಲವ್ವಾ ಅವರು" ಎಂದಷ್ಟೇ ಎಂದೆ.

"ಗೊತ್ತಾತ್ರಿ. ಬಲಗಡೆ ಹೆಗಲು ನೋಡಿದ ಕೂಡಲೇ ಗೊತ್ತಾತು. ಅದಕ್ಕ ನಿಮಗ ಹೇಳಾಕ ಬಾಯಿ ಬರಲಿಲ್ಲ, ಊರವರ ಕಡೆ ಹೇಳಿ ಕಳಿಸಿದೆ. ತಪ್ಪಾತು." ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾರ, ಅವರು ಹೋದ ಮ್ಯಾಲೆ ನೀವು ಅತ್ತೀರೇನ್ರಿ?"

ಅತ್ತದ್ದು ನೆನಪಿಗೆ ಬರಲಿಲ್ಲ. ಬೈದದ್ದು ನೆನಪಿತ್ತು, ಜಗಳವಾಡಿದ್ದು ನೆನಪಿತ್ತು. ಹೆಣದ ಮುಂದೆ ಕೂತಾಗಲೂ ಇಷ್ಟು ಲಗೂ ಹೋಗುವ ಅರ್ಜೆಂಟು ಏನಿತ್ತು ಎಂದು ಸಿಟ್ಟೇ ಬಂದಿತ್ತು.

"ಅಳಸ್ರಿ ಅಂತ ನಾ ಹೇಳಂಗಿಲ್ರಿ" ಎಂದಳು, ನನ್ನನ್ನು ಬಸ್ ಸ್ಟ್ಯಾಂಡಿಗೆ ಕಳಿಸುತ್ತ. "ನನಗ ಬ್ಯಾರೆ ಪರದೆ ಸಿಗತಾವು." ಸಿಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತೆ. ನನಗೊಬ್ಬರು ಜೊತೆ ಸಿಗಲಿ ಎಂದು ನಾನು ಅವಳ ಜಾಗ ಕಸಿದುಕೊಂಡಿದ್ದೆ. ಅವಳದ್ದಷ್ಟೇ ಅಲ್ಲ, ಮುಂದೆ ಕೂತ ಎಷ್ಟೋ ಹೆಂಗಸರದ್ದು. ನಮ್ಮ ಮನೆಯವರು ಎಷ್ಟು ಕಷ್ಟಪಟ್ಟು ಖಾಲಿ ಬಿಟ್ಟಿದ್ದರು ಅದನ್ನು! ಹಾಗೆಂದು ಅಳಿಸುವುದು ಸುಲಭವೇ? ಆಸ್ಪತ್ರೆಯಲ್ಲಿ ಅವರು ಹೋದದ್ದು ನನ್ನ ಕೈಯಲ್ಲಿರಲಿಲ್ಲ. ಇದು ನನ್ನ ಕೈಯಲ್ಲಿತ್ತು. ಈ ಸಲ ಕಳಿಸುವವಳು ನಾನು.

ಮೂರು ದಿನ ಗೋದಾಮಿನ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ಪರದೆಯನ್ನು ನೆಲಕ್ಕೆ ಹಾಸಿದೆ. ಅಂಟಿನ ಬಣ್ಣ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎದ್ದು ಬರುತ್ತದೆ. ಮೊದಲು ಟವೆಲ್ ಹೋಯಿತು, ಆಮೇಲೆ ಅಂಗಿ. ಹೆಗಲನ್ನು ಕಡೆಗೆ ಇಟ್ಟುಕೊಂಡಿದ್ದೆ. ಅದೂ ಹೋಯಿತು. ಬಕೆಟ್ಟಿನ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು. ಆಮೇಲೆ ನೀಲಿ ಕಲಸಿ ನೀರು ತುಂಬಿದೆ, ಬಾಗಿಲ ಹತ್ತಿರ ಕೂತು ಒಣಗಲು ಬಿಟ್ಟೆ.

ಮಧ್ಯಾಹ್ನ ಒಣಗಿತು. ಒಂದು ಕಲೆ ಉಳಿದಿರುತ್ತದೆ ಎಂದುಕೊಂಡಿದ್ದೆ. ಎಲ್ಲೋ ಒಂದು ಕಡೆ ಬಣ್ಣ ಚೂರು ಹೆಚ್ಚುಕಡಿಮೆ, ಹೆಗಲಿದ್ದಲ್ಲಿ ಒಂದು ಮಸುಕು. ಬೇರೆಯವರಿಗೆ ಕಾಣದಿದ್ದರೂ ನನಗೆ ಕಾಣುತ್ತದೆ, ಅಷ್ಟು ಸಾಕು ಎಂದುಕೊಂಡಿದ್ದೆ. ಪರದೆಯ ಮೇಲೆ ಮೊಣಕಾಲೂರಿ ನೋಡಿದೆ. ಬೆರಳಿಟ್ಟು ತಡವಿದೆ, ತಲೆ ಬಗ್ಗಿಸಿ ಬೆಳಕಿಗೆ ಅಡ್ಡಲಾಗಿ ನೋಡಿದೆ. ಎಷ್ಟು ಸರಿಯಾಗಿ ಕಲಸಿದ್ದೆ ಎಂದರೆ ಹಳೆಯ ನೀರು ಯಾವುದು, ಹೊಸ ನೀರು ಯಾವುದು ಗೊತ್ತಾಗಲಿಲ್ಲ. ಒಂದು ಸಲ ತಪ್ಪು ಕಲಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

"ರೀ, ಎಲ್ಲಿ ಅದೀರಿ?" 

ಕೇಳಿಯೇಬಿಟ್ಟೆ, ಗೋದಾಮಿನಲ್ಲಿ ದನಿ ದೊಡ್ಡದಾಗಿ ಕೇಳಿಸಿತು. ದೋಣಿ ಖಾಲಿ ಇತ್ತು. ಆ ನೀರಿನ ಮೇಲೆ ಕೂತು, ಎರಡು ವರ್ಷದ ಮೇಲೆ, ಸೆರಗು ಅಡ್ಡ ಇಟ್ಟುಕೊಳ್ಳದೆ ಅತ್ತೆ.